ಒಳಬಳೆಯ ಚೀಟಿ

ನಮ್ಮೂರಿನಲ್ಲಿ ಬರೆದದ್ದು ಒಂದು ದಿನವಷ್ಟೇ ಉಳಿಯುತ್ತದೆ. ಇವತ್ತು ಕಾಗದದ ಮೇಲೆ ಏನೇ ಬರೆಯಿರಿ, ನಾಳೆ ಹೊತ್ತು ಮೂಡುವಷ್ಟರಲ್ಲಿ ಅದು ಬಿಳಿ ಹಾಳೆಯಾಗಿರುತ್ತದೆ. ಗೋಡೆಗೆ ಬಣ್ಣದಲ್ಲಿ ಬರೆದರೂ ಅಷ್ಟೇ, ಕಲ್ಲಿನಲ್ಲಿ ಕೊರೆದರೂ ಅಷ್ಟೇ. ಹಾಗಾಗಿ ನಮ್ಮ ಅಂಗಡಿಗಳಿಗೆ ಹೆಸರಿನ ಬೋರ್ಡಿಲ್ಲ. ಚಪ್ಪಲಿಯವನು ಬಾಗಿಲಿಗೆ ಚಪ್ಪಲಿ ತೂಗುಹಾಕುತ್ತಾನೆ, ದರ್ಜಿ ಕತ್ತರಿ ತೂಗುಹಾಕುತ್ತಾನೆ. ಲಗ್ನಪತ್ರಿಕೆಯನ್ನು ಲಗ್ನದ ದಿನ ಬೆಳಗ್ಗೆಯೇ ಹಂಚಬೇಕು. ನಾನು ಇಪ್ಪತ್ತೆರಡು ವರ್ಷ ಹೆಣ್ಣುಮಕ್ಕಳ ಶಾಲೆಯಲ್ಲಿ ಗಣಿತ ಕಲಿಸಿದವಳು. ಮಕ್ಕಳ ನೋಟುಪುಸ್ತಕವನ್ನು ಅವತ್ತಿನ ಸಂಜೆಯೊಳಗೆ ತಿದ್ದದಿದ್ದರೆ ಮರುದಿನ ತಿದ್ದಲು ಏನೂ ಇರುತ್ತಿರಲಿಲ್ಲ. ಒಂದೇ ಪುಸ್ತಕ ಒಂದು ಮಗುವಿಗೆ ಒಂದನೇ ಇಯತ್ತೆಯಿಂದ ಏಳನೆಯದರವರೆಗೂ ಬರುತ್ತಿತ್ತು ಎಂಬುದು ಬೇರೆ ಮಾತು.

ಉಳಿಯಬೇಕಾದದ್ದೆಲ್ಲ ಚಕ್ರದಲ್ಲಿರುತ್ತದೆ. ಅದನ್ನು ತಂದು ಕೂರಿಸಿದವರು ಡಿಸ್ಕು ಎಂದಿದ್ದರಂತೆ, ಊರು ಚಕ್ರವೆಂದಿತು. ಒಕ್ಕಲು ಕಣದಷ್ಟು ಅಗಲದ ಕಪ್ಪು ತಟ್ಟೆ. ಅರ್ಧ ನಿಮಿಷಕ್ಕೊಂದು ಸುತ್ತು ತಿರುಗುತ್ತದೆ. ಅದರ ಮೈಮೇಲೆ ಒಂದರೊಳಗೊಂದರಂತೆ ಸಾವಿರಾರು ಬಳೆಗಳು. ಕಣ್ಣಿಗೆ ಕಾಣುವುದಿಲ್ಲ, ಆದರೆ ಊರಿನ ನೆನಪೆಲ್ಲ ಆ ಬಳೆಗಳಲ್ಲಿದೆ. ಮೊದಲ ವರ್ಷದ್ದು ತಟ್ಟೆಯ ನಡುವಿನ ಅಚ್ಚಿನ ಹತ್ತಿರದ ಒಳಬಳೆಗಳಲ್ಲಿ, ನಿನ್ನೆ ಮೊನ್ನೆಯದು ಅಂಚಿನ ಹೊರಬಳೆಗಳಲ್ಲಿ. ತಟ್ಟೆಯ ಮೇಲೆ ಒಂದೇ ಒಂದು ಕಬ್ಬಿಣದ ತೋಳು. ಯಾರಾದರೂ ಇಂಥದ್ದು ಬೇಕೆಂದು ಚೀಟಿ ಕೊಟ್ಟರೆ ತೋಳು ಆ ಬಳೆಯವರೆಗೆ ಸರಿಯಬೇಕು, ಬೇಕಾದ ಜಾಗ ತಿರುಗಿ ತನ್ನಡಿಗೆ ಬರುವವರೆಗೆ ಕಾಯಬೇಕು, ಆಮೇಲೆ ಓದಿ ಕಾಗದಕ್ಕೆ ಇಳಿಸಬೇಕು. ಆ ಕಾಗದವೂ ಅವತ್ತೊಂದು ದಿನದ್ದೇ.

ಚಕ್ರ ನೋಡಿಕೊಳ್ಳುತ್ತಿದ್ದವರು ಇಮಾಮಸಾಬ್. ಮೂವತ್ತು ವರ್ಷ ಆ ಮನೆಯೊಳಗೇ ಕಳೆದಿದ್ದರು. ತೋಳು ಯಾವ ಬಳೆಯ ಮೇಲಿದೆ ಎಂದು ಕಣ್ಣು ಮುಚ್ಚಿಕೊಂಡು ಅದರ ಕಿರುಗುಟ್ಟುವಿಕೆಯಲ್ಲೇ ಹೇಳುತ್ತಿದ್ದರು. ಆದರೆ ಅವರ ಮಾತನ್ನು ಯಾರೂ ಕೇಳುತ್ತಿರಲಿಲ್ಲ, ಏಕೆಂದರೆ ಆ ವರ್ಷ ಊರೆಲ್ಲ ಚಕ್ರಕ್ಕೆ ಶಾಪ ಹಾಕುತ್ತಿತ್ತು. ಹತ್ತಕ್ಕೆ ಕೊಟ್ಟ ಚೀಟಿಗೆ ಹನ್ನೆರಡಾದರೂ ಉತ್ತರವಿಲ್ಲ. ಆಸ್ಪತ್ರೆಯಲ್ಲಿ ಡಾಕ್ಟರು ರೋಗಿಯ ಹಿಂದಿನ ಕಾಗದ ಬರಲಿ ಎಂದು ಕೈಕಟ್ಟಿ ಕೂರುತ್ತಿದ್ದರು.

ಪುರಸಭೆಯ ಅಧ್ಯಕ್ಷೆ ನೀಲಗಂಗಾಬಾಯಿ ದೇಸಾಯಿಯವರು ಸಭೆ ಕರೆದರು. ಚಕ್ರ ತುಂಬಿ ಭಾರವಾಗಿದೆ, ಅದಕ್ಕೇ ನಿಧಾನ, ಒಳಬಳೆಗಳ ಹಳೆಯದನ್ನೆಲ್ಲ ಅಳಿಸಿಬಿಟ್ಟರೆ ಹಗುರಾಗುತ್ತದೆ ಎಂದರು. ಎಲ್ಲರೂ ತಲೆಯಾಡಿಸಿದರು. ನಾನು ಹಿಂದಿನ ಬೆಂಚಿನಲ್ಲಿದ್ದೆ. ಒಳಬಳೆಯಲ್ಲಿ ನನ್ನದೇನೂ ಇರಲಿಲ್ಲ. ಆದರೆ ಮಕ್ಕಳು ತಪ್ಪು ಲೆಕ್ಕ ಮಾಡಿದರೆ ಸುಮ್ಮನಿರಲಾರದ ಚಟ ನನ್ನದು.

ಎದ್ದು ನಿಂತೆ. "ಅಕ್ಷರಕ್ಕ ತೂಕ ಎಲ್ಲೈತ್ರಿ? ತಟ್ಟಿ ತುಂಬಿದ್ರೂ ಅಷ್ಟ, ಖಾಲಿ ಇದ್ರೂ ಅಷ್ಟ, ಅರ್ಧ ನಿಮಿಷಕ್ಕ ಒಂದು ಸುತ್ತು. ತಡ ಆಗೋದಕ್ಕ ಬ್ಯಾರೆ ಕಾರಣ ಐತಿ."

"ಏನು ಕಾರಣ, ಹೇಳ್ರಿ ಅಕ್ಕೋರ," ಎಂದರು ಅಧ್ಯಕ್ಷೆ.

ನನಗೆ ಗೊತ್ತಿರಲಿಲ್ಲ. "ಒಂದು ತಿಂಗಳು ಕೊಡ್ರಿ. ಯಾವ ದಿನ ಎಷ್ಟು ಚೀಟಿಗೆ ಎಷ್ಟು ಹೊತ್ತು ಹಿಡಿತೈತಿ ಅಂತ ಮೊದಲ ಹೇಳ್ತೀನಿ. ನಾ ಹೇಳಿದ್ದು ಹೇಳಿದಂಗ ಆದ್ರ ನನ್ನ ಮಾತು ನಂಬ್ರಿ. ಆಗದಿದ್ರ ಅಳಸ್ರಿ."

ಮರುದಿನದಿಂದ ಶಾಲೆ ಬಿಟ್ಟೊಡನೆ ಚಕ್ರದ ಮನೆಗೆ ಹೋಗತೊಡಗಿದೆ. ರಜೆಯ ದಿನ ಬೆಳಗ್ಗೆಯಿಂದಲೇ. ಕೈಯಲ್ಲಿ ಓಟದ ಪಂದ್ಯದ ಗಡಿಯಾರ. ಅಳತೆಗಳನ್ನು ಬರೆದಿಡುವಂತಿಲ್ಲ. ಚಕ್ರದಲ್ಲೇ ಬರೆಸೋಣವೆಂದರೆ, ಬರೆಯಲು ತೋಳು ಮತ್ತೆ ಓಡಬೇಕು. ಅಳೆಯುವುದೇ ಅಳತೆಯನ್ನು ಕೆಡಿಸುತ್ತಿತ್ತು. ಕೊನೆಗೆ ದಾರ ತಂದೆ. ತೋಳು ಸರಿದ ಹೊತ್ತಿಗೆ ಕೆಂಪು ದಾರ, ಸುತ್ತಿಗಾಗಿ ಕಾದದ್ದಕ್ಕೆ ಬಿಳಿ, ಓದಿದ್ದಕ್ಕೆ ನೀಲಿ. ಐದು ಸೆಕೆಂಡಿಗೆ ಒಂದು ಗಂಟು. ಗಂಟು ಬರಹವಲ್ಲವಲ್ಲ, ಬೆಳಗಾದರೂ ಹಾಗೇ ಇರುತ್ತಿತ್ತು. ಎರಡು ವಾರದಲ್ಲಿ ನನ್ನ ಮನೆಯ ಬಟ್ಟೆ ಒಣಗಿಸುವ ಹಗ್ಗಗಳಲ್ಲೆಲ್ಲ ಕೆಂಪು, ಬಿಳಿ, ನೀಲಿ ಎಳೆಗಳು ಜೋತಾಡಿದವು.

ಹೊರ ಅಂಚಿನಿಂದ ಒಳ ಅಂಚಿಗೆ ತೋಳಿಗೆ ಇನ್ನೂರು ಸೆಕೆಂಡು ಬೇಕು. ಒಂದೊಂದು ಓಟದ ಕೆಂಪು ಗಂಟು ಕೂಡಿಸುವ ಗೋಜಿಗೆ ಹೋಗದೆ ಸೂತ್ರ ಹಾಕಿದೆ: ಚೀಟಿಗಳು ಎಲ್ಲೆಂದರಲ್ಲಿಯವು ಬಂದರೆ ಸರಾಸರಿ ಅದರ ಮೂರರಲ್ಲೊಂದು ಪಾಲು, ಅರವತ್ತೇಳು. ಸುತ್ತಿಗಾಗಿ ಕಾಯುವುದು ಸರಾಸರಿ ಅರ್ಧ ಸುತ್ತು, ಹದಿನೈದು. ಓದಲು ಹತ್ತು. ಒಟ್ಟು ತೊಂಬತ್ತೆರಡು. ಒಂದು ರಜೆಯ ದಿನ ಪುರಸಭೆಯವರನ್ನೆಲ್ಲ ಕರೆದು, ಈಗ ಬಂದಿರುವ ನಲವತ್ತು ಚೀಟಿ ಹತ್ತಕ್ಕೆ ಶುರುವಾದರೆ ಹನ್ನೊಂದು ಗಂಟೆ ಒಂದು ನಿಮಿಷಕ್ಕೆ ಮುಗಿಯುತ್ತದೆ ಎಂದೆ.

ಮುಗಿದದ್ದು ಹನ್ನೆರಡಕ್ಕೆ ಮೂರು ನಿಮಿಷವಿದ್ದಾಗ.

ಯಾರೂ ಜೋರಾಗಿ ನಗಲಿಲ್ಲ; ನಕ್ಕಿದ್ದರೇ ಚೆನ್ನಾಗಿತ್ತು. ಅಧ್ಯಕ್ಷೆ ನನ್ನ ಹೆಗಲು ತಟ್ಟಿ, "ಇರ್ಲಿ ಬಿಡ್ರಿ, ಪ್ರಯತ್ನ ಮಾಡಿದ್ರಲ್ಲ," ಎಂದು ಹೋದರು. ನಾನು ಅಲ್ಲೇ ನೆಲದ ಮೇಲೆ ಕುಳಿತು ಅವತ್ತಿನ ದಾರಗಳನ್ನು ಒಂದೊಂದಾಗಿ ಬೆರಳಲ್ಲಿ ಸವರಿದೆ. ಬಿಳಿ ಸರಿಯಿತ್ತು, ನೀಲಿ ಸರಿಯಿತ್ತು. ಕೆಂಪು ಮಾತ್ರ ಎರಡರಷ್ಟು ಉದ್ದವಾಗಿತ್ತು.

ಇಮಾಮಸಾಬ್ ಚಹಾ ತಂದಿಟ್ಟರು. "ಅಕ್ಕೋರ, ಒಂದು ಮಾತು ಹೇಳ್ಲೇನು? ಎರಡು ಕಿಡಕಿ ಅದಾವ್ರಿ ನಮ್ಮಲ್ಲಿ. ಒಂದು ದವಾಖಾನಿಗೆ, ಒಂದು ಪುರಸಭಾಕ್ಕ. ಜಗಳ ಆಗಬಾರದು ಅಂತ ಆ ಕಿಡಕಿದೊಂದು, ಈ ಕಿಡಕಿದೊಂದು ಚೀಟಿ ತಗೋಬೇಕು ಅಂತ ಹುಕುಂ ಐತಿ. ದವಾಖಾನಿದು ಹೊರಬಳಿ, ಮನಿ-ಜಾಗಾದ್ದು ಒಳಬಳಿ. ದಿನಾ ಆ ಕಡೆಯಿಂದ ಈ ಕಡೆ, ಈ ಕಡೆಯಿಂದ ಆ ಕಡೆ, ಬಡಕೊಂತ ಓಡತೈತ್ರಿ ಪಾಪ. ಅದಕ್ಕ ಭಾರ ಆಗಿಲ್ಲ. ದಾರಿ ದೂರ ಆಗೈತಿ."

"ಇದನ್ನ ಮೊದಲ ಯಾಕ ಹೇಳಲಿಲ್ಲ?"

"ನೀವು ಕೇಳಲಿಲ್ಲಲ್ರಿ. ಗಡಿಯಾರ ಹಿಡಕೊಂಡು ಅಳ್ಯಾಕತ್ತಿದ್ರಿ."

ಅವತ್ತಿನಿಂದ ಅವರ ಕಿವಿಯನ್ನೂ ನನ್ನ ಗಡಿಯಾರವನ್ನೂ ಒಟ್ಟಿಗಿಟ್ಟುಕೊಂಡು ಲೆಕ್ಕ ಮಾಡಿದೆ. ತೋಳಿನ ಓಟ ಸರಾಸರಿ ನೂರೈವತ್ತು, ಒಂದು ಚೀಟಿಗೆ ನೂರೆಪ್ಪತ್ತೈದು ಸೆಕೆಂಡು. ಮತ್ತೆ ಎಲ್ಲರನ್ನೂ ಕರೆದೆ. ಬರುವುದಿಲ್ಲ ಎಂದವರ ಮನೆಗೆ ಎರಡು ಸಲ ಹೋಗಿ ಕರೆದೆ. ಅವತ್ತು ಹತ್ತರ ಹೊತ್ತಿಗೆ ಮೂವತ್ತಾರು ಚೀಟಿ ಇದ್ದವು. ಹನ್ನೊಂದು ನಲವತ್ತೈದಕ್ಕೆ ಮುಗಿಯುತ್ತದೆ ಎಂದೆ. ಹನ್ನೊಂದು ನಲವತ್ನಾಲ್ಕಕ್ಕೆ ಕೊನೆಯ ಕಾಗದ ಹೊರಬಂತು. ಅಧ್ಯಕ್ಷೆ ಗಡಿಯಾರವನ್ನು ನನ್ನ ಕೈಯಿಂದ ಇಸಿದುಕೊಂಡು ಕಿವಿಗಿಟ್ಟು ನೋಡಿದರು.

"ಹಂಗಾರ ಏನು ಮಾಡೂಣು?" ಎಂದರು.

"ಹುಕುಂ ತಗೀರಿ. ತೋಳು ಎಲ್ಲಿ ನಿಂತಿರತೈತೋ ಅದಕ್ಕ ಹತ್ತಿರದ ಚೀಟಿ ಮೊದಲು. ಅಷ್ಟ ಸಾಕು."

ಅಷ್ಟೇ ಸಾಕಾಯಿತು. ಒಂದು ಚೀಟಿಗೆ ಮೂವತ್ತೈದು ಸೆಕೆಂಡಾಯಿತು. ಅಳಿಸುವ ಮಾತು ಹಿಂದೆ ಬಿತ್ತು. ಡಾಕ್ಟರು ಶಾಲೆಯವರೆಗೆ ನಡೆದು ಬಂದು ಕೈಮುಗಿದರು. ಬೇಗ ಸಿಗುತ್ತದೆಂದು ಗೊತ್ತಾದ ಮೇಲೆ ಜನ ಕೇಳುವುದೂ ಹೆಚ್ಚಿತು. ಮೊದಲು ದಿನಕ್ಕೆ ನೂರೈವತ್ತು ಚೀಟಿ ಬಂದರೆ ಹೆಚ್ಚು. ಈಗ ಆರುನೂರು, ಏಳುನೂರು. ನಿನ್ನೆಯ ಸಂತೆಯ ಧಾರಣೆ, ಮೊನ್ನೆ ಬಂದ ಕಾಗದ, ಹೋದ ವಾರದ ಔಷಧಿ. ಪುರಸಭೆ ನನ್ನನ್ನು ಶಾಲೆಯಿಂದ ಬಿಡಿಸಿ ಚಕ್ರದ ಮನೆಗೇ ನೇಮಿಸಿತು. ಚೀಟಿ ಕೊಟ್ಟವರು ಕಾಗದ ಕೈಗೆ ಬರುವವರೆಗೆ ಸರಾಸರಿ ಎಷ್ಟು ಕಾದರು ಎಂದು ಸಾರುವವನು ದಿನಾ ಸಂಜೆ ಚೌಕದಲ್ಲಿ ಕೂಗಿ ಹೇಳುತ್ತಿದ್ದ. ಒಂಬತ್ತು ನಿಮಿಷ, ಏಳು ನಿಮಿಷ, ಆರು. ಅದು ಇಳಿದಂತೆಲ್ಲ ನನ್ನ ಎದೆ ಉಬ್ಬುತ್ತಿತ್ತು. ಅದನ್ನು ನಾಲ್ಕಕ್ಕೆ ತರುತ್ತೇನೆಂದು ಹಟ ಹಿಡಿದೆ.

ನಾಲ್ಕಕ್ಕೆ ಬಂದ ದಿನದ ಕಥೆ ಇದು.

ಬೆಳಗ್ಗೆ ಒಂಬತ್ತೂವರೆಗೆ ಕುಂಬಾರ ಓಣಿಯ ತಿಪ್ಪವ್ವ ಬಂದು ಪುರಸಭೆಯ ಕಿಡಕಿಯಲ್ಲಿ ಚೀಟಿ ಕೊಟ್ಟಳು. ಐವತ್ತರ ಆಸುಪಾಸಿನವಳು, ಗಂಡನಿಲ್ಲ, ಗಡಿಗೆ ಸುಟ್ಟು ಮಾರಿ ಬದುಕುವವಳು. ಅವಳ ಮನೆ ಊರಿನ ಮೊದಲ ಮನೆಗಳಲ್ಲೊಂದು, ಅದರ ಕಾಗದ ಅಚ್ಚಿಗೆ ತಾಗಿದಂತಿರುವ ಒಳಬಳೆಯಲ್ಲಿತ್ತು. ರಸ್ತೆ ಅಗಲ ಮಾಡುವವರು ಅವಳ ಗಡಿಗೆ ಸುಡುವ ಗೂಡು ಪುರಸಭೆಯ ಜಾಗದಲ್ಲಿದೆ ಎಂದು ಅವತ್ತೇ ಬೆಳಗ್ಗೆ ನೋಟೀಸು ಕೊಟ್ಟಿದ್ದರು. ನಮ್ಮೂರಿನಲ್ಲಿ ನೋಟೀಸಿಗೂ ಒಂದೇ ದಿನದ ಆಯುಷ್ಯ, ಆದ್ದರಿಂದ ಅದರ ಕೆಲಸವೂ ಅವತ್ತೇ ಮುಗಿಯಬೇಕು. ಸಂಜೆ ಐದರೊಳಗೆ ಜಾಗ ತನ್ನದೆಂದು ಅವಳು ಕಾಗದ ತೋರಿಸಬೇಕಿತ್ತು.

ಇದೆಲ್ಲ ನನಗೆ ಆಮೇಲೆ ಗೊತ್ತಾದದ್ದು. ಆಗ ನನಗೆ ಕಂಡದ್ದು ಒಳಬಳೆಯ ಒಂದು ಚೀಟಿ. ತೋಳು ಹೊರಬಳೆಗಳಲ್ಲಿತ್ತು. ಅಲ್ಲಿಯ ಐದಾರು ಚೀಟಿ ಮುಗಿಯುವಷ್ಟರಲ್ಲಿ ಅಲ್ಲಿಯದೇ ಮತ್ತೆ ಏಳೆಂಟು ಬರುತ್ತಿದ್ದವು. ಹತ್ತಿರದ್ದು ಮೊದಲು ಎಂಬುದು ನಿಯಮ. ಹತ್ತಿರದ್ದು ಮುಗಿಯುತ್ತಲೇ ಇರಲಿಲ್ಲ.

ಎರಡು ಗಂಟೆಗೆ ಇಮಾಮಸಾಬ್ ಒಳಗೆ ಬಂದರು. "ಅಕ್ಕೋರ, ಒಳಬಳಿದೊಂದು ಚೀಟಿ ಬೆಳಗಿಂದ ಕುಂತೈತಿ. ಆ ಹೆಣ್ಮಗಳು ಊಟಕ್ಕೂ ಎದ್ದಿಲ್ಲ. ಒಂದ ಸಲ ಹೋಗಿ ಬರಲೇನು?"

ನಾನು ದಾರ ನೋಡುತ್ತಿದ್ದೆ. ಒಳಗೆ ಹೋಗಿ ಬರಲು ಏಳು ನಿಮಿಷ. ಅಷ್ಟರಲ್ಲಿ ಹೊರಗಿನ ಹತ್ತು ಹನ್ನೆರಡು ಚೀಟಿ ಹಿಂದೆ ಬೀಳುತ್ತವೆ. "ಬ್ಯಾಡ ಬಿಡ್ರಿ," ಎಂದೆ. "ಇವತ್ತು ಸರಾಸರಿ ನಾಕಕ್ಕ ಬರಾಕತ್ತೈತಿ. ಕೆಡತೈತಿ."

ಅವರು ಒಂದು ಗಳಿಗೆ ನನ್ನ ಮುಖ ನೋಡಿ ಹೊರಟುಹೋದರು.

ಸಂಜೆ ಚೌಕದಲ್ಲಿ ಸಾರುವವನು ನಾಲ್ಕು ನಿಮಿಷ ಎಂದು ಕೂಗಿದ. ಜನ ಚಪ್ಪಾಳೆ ತಟ್ಟಿದರು. ನಾನು ಮನೆಗೆ ಹೋಗುವಾಗ ಕುಂಬಾರ ಓಣಿಯ ಬಾಯಿಯಲ್ಲಿ ಗುಂಪು ಕಂಡಿತು. ಹಾರೆಯವರು ಆಗಲೇ ಕೆಲಸ ಮುಗಿಸಿ ಕೈ ತೊಳೆಯುತ್ತಿದ್ದರು. ಗೂಡು ನೆಲಕ್ಕೆ ಬಿದ್ದಿತ್ತು. ಒಳಗೆ ಸುಡಲು ಜೋಡಿಸಿಟ್ಟಿದ್ದ ಹಸಿ ಗಡಿಗೆಗಳು ಮಣ್ಣಿನೊಂದಿಗೆ ಮಣ್ಣಾಗಿದ್ದವು. ತಿಪ್ಪವ್ವ ಅಳುತ್ತಿರಲಿಲ್ಲ. ಒಡೆಯದೆ ಉಳಿದದ್ದನ್ನು ಆರಿಸಿ ಪಕ್ಕಕ್ಕಿಡುತ್ತಿದ್ದಳು. ಯಾರೋ ನನ್ನನ್ನು ತೋರಿಸಿ, "ಚಕ್ರದ ಅಕ್ಕೋರು ಬಂದ್ರು ನೋಡು," ಎಂದರು.

ಅವಳು ತಲೆಯೆತ್ತಿದಳು. "ನಾ ಕಾಗದ ಕೇಳಿದ್ದೆರಿ," ಎಂದಳು. "ಏಳೂವರಿ ತಾಸು ಕುಂತಿದ್ದೆ. ನಿಮ್ಮ ತೋಳು ನನ್ನ ಕಡಿ ಬರಲಿಲ್ಲ."

ಮನೆಗೆ ಬಂದು ಅವತ್ತಿನ ದಾರಗಳನ್ನು ಮುಂದೆ ಹರಡಿಕೊಂಡೆ. ಏಳುನೂರಕ್ಕೂ ಹೆಚ್ಚು ಚೀಟಿಗಳ ನಡುವೆ ಅವಳ ಏಳೂವರೆ ತಾಸು ಸೇರಿಸಿದರೂ ಸರಾಸರಿ ಒಂದು ನಿಮಿಷವೂ ಏರುತ್ತಿರಲಿಲ್ಲ. ಅವಳ ಚೀಟಿಗೆ ದಾರವನ್ನೇ ನಾನು ಕಟ್ಟಿರಲಿಲ್ಲ. ಓದಿದ ಚೀಟಿಗೆ ಮಾತ್ರ ಗಂಟು, ಓದದೆ ಉಳಿದದ್ದಕ್ಕೆ ಗಂಟಿಲ್ಲ. ನನ್ನ ಲೆಕ್ಕದಲ್ಲಿ ಆ ಹೆಂಗಸು ಅವತ್ತು ಬಂದೇ ಇರಲಿಲ್ಲ. ಮಕ್ಕಳು ಹೀಗೆ ಲೆಕ್ಕ ಮಾಡಿದ್ದರೆ ನಾನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ.

ಮರುದಿನವೇ ಇಮಾಮಸಾಬರಿಗೆ ಹೇಳಿದೆ. "ಇವತ್ತಿಂದ ಹತ್ತಿರದ್ದು ಮೊದಲು ಅನ್ನೋದು ಬ್ಯಾಡ. ಬಾವಿ ರಾಟಿ ಕೊಡದ ಹಂಗ ತೋಳು ಹೊರಗಿಂದ ಒಳಗಿನ ತನಕ ಹೋಗಬೇಕು, ಹೊಳ್ಳಿ ಹೊರಗ ಬರಬೇಕು. ದಾರಿಯಾಗ ಸಿಕ್ಕವರದು ಓದಕೊಂತ ಹೋಗೂದು. ನಡುವ ತಿರಗಂಗಿಲ್ಲ."

"ಸರಾಸರಿ ಕೆಡತೈತಲ್ರಿ," ಎಂದರು ಅವರು. ಕುಹಕವಿರಲಿಲ್ಲ, ಆದರೂ ನನಗೆ ಚುಚ್ಚಿತು.

"ಕೆಡ್ಲಿ. ಹನ್ನೊಂದು ನಿಮಿಷ ಆಗತೈತಿ. ಆದ್ರ ಯಾರದೂ ಅರ್ಧ ತಾಸು ದಾಟಂಗಿಲ್ಲ."

ಆದರೆ ನಿಯಮ ಬದಲಿಸುವ ಅಧಿಕಾರ ನನ್ನದಲ್ಲ, ಪುರಸಭೆಯದು. ಆ ವಾರದ ಸಭೆಗೆ ಹೋದರೆ ಅಲ್ಲಿ ಬೇರೆಯೇ ಸುದ್ದಿ ಕಾದಿತ್ತು. ಚೀಟಿ ಹೆಚ್ಚಿದಂತೆ ಬರೆಸುವುದೂ ಹೆಚ್ಚಿ ಹೊರಗಡೆ ಜಾಗ ಸಾಲುತ್ತಿಲ್ಲ, ಒಳಬಳೆ ಅಳಿಸೋಣ ಎಂದು ಅಧ್ಯಕ್ಷೆ ಮತ್ತೆ ತೆಗೆದರು. ಈ ಸಲ ಅವರ ಕೈಯಲ್ಲಿ ನನ್ನದೇ ದಾರಗಳಿದ್ದವು.

"ನಿಮ್ಮ ಲೆಕ್ಕಾನೇ ಹೇಳ್ತದ ಅಕ್ಕೋರ," ಎಂದರು. ಅವರ ದನಿಯಲ್ಲಿ ಕೆಟ್ಟತನವಿರಲಿಲ್ಲ, ಅವರು ಅದನ್ನು ನಿಜವಾಗಿ ನಂಬಿದ್ದರು. "ಈ ತಿಂಗಳದಾಗ ಒಳಬಳಿ ಓದಿದ್ದು ಎರಡ ಸಲ. ಯಾರಿಗೂ ಬೇಕಾಗಿಲ್ಲದ್ದನ್ನ ಇಟಗೊಂಡು ಏನು ಮಾಡೂದು?"

ತಿಪ್ಪವ್ವನನ್ನು ಸಭೆಗೆ ಕರೆಯಲು ನಾನು ಮೊದಲೇ ಕುಂಬಾರ ಓಣಿಗೆ ಮೂರು ಸಲ ಹೋಗಿದ್ದೆ. ಮೊದಲ ಎರಡು ಸಲ ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಮೂರನೆಯ ಸಲ, "ನಾ ಬಂದ್ರ ನನ್ನ ಗೂಡು ಏಳತೈತೇನು?" ಎಂದಳು. ಏಳುವುದಿಲ್ಲ ಎಂದೆ. ಸುಳ್ಳು ಹೇಳಲಿಲ್ಲ ಅಂತಲೋ ಏನೋ, ಬಂದಿದ್ದಳು. ಬಾಗಿಲ ಹತ್ತಿರ ಕುಕ್ಕರಗಾಲಲ್ಲಿ ಕುಳಿತಿದ್ದಳು.

"ಎರಡ ಸಲ ಓದೀವಿ, ಖರೆ," ಎಂದೆ. "ಎಷ್ಟು ಮಂದಿ ಕೇಳಿದ್ರು ಅಂತ ಆ ದಾರದಾಗ ಇಲ್ಲ. ನಾ ಕಟ್ಟಿಲ್ಲ. ಇಮಾಮಸಾಬರು ಇಟಗೊಂಡಾರ." ಓದದೆ ಉಳಿದ ಚೀಟಿಗಳನ್ನು ಅವರು ಬಿಸಾಡಿರಲಿಲ್ಲ. ಅಕ್ಷರ ಹೋಗಿ ಬಿಳಿಯಾಗಿದ್ದ ಆ ತುಂಡುಗಳನ್ನೆಲ್ಲ ಒಂದು ಡಬ್ಬಿಯಲ್ಲಿ ತುಂಬಿಟ್ಟಿದ್ದರು. ಅದನ್ನು ಮೇಜಿನ ಮೇಲೆ ಸುರುವಿದೆ. ಅರವತ್ಮೂರು. "ಇಷ್ಟು ಮಂದಿ ಬಂದು, ಕಾದು, ಹೊಳ್ಳಿ ಹೋಗ್ಯಾರ. ಅವತ್ತು ತಿಪ್ಪವ್ವ ಬಂದಾಗ ಇವರದು ಓದಲೇನು ಅಂತ ಇಮಾಮಸಾಬರು ಕೇಳಿದ್ರು. ಬ್ಯಾಡ ಅಂದಾಕಿ ನಾನು. ನಾಕು ನಿಮಿಷ ಅಂತ ಕೂಗಸ್ಕೊಳ್ಳೋ ಆಸೆಗೆ. ಇವರ ಗೂಡು ಬಿದ್ದದ್ದು ನನ್ನ ಲೆಕ್ಕದಿಂದ. ಈಗ ಅದ ಲೆಕ್ಕ ಇಟಗೊಂಡು ನೀವು ಒಳಬಳಿ ಅಳಸಬ್ಯಾಡ್ರಿ."

ಸಭೆಯಲ್ಲಿ ಗದ್ದಲವಾಯಿತು. ನಾಲ್ಕು ನಿಮಿಷ ಬಿಟ್ಟು ಹನ್ನೊಂದಕ್ಕೆ ಹೋಗಲು ಯಾರಿಗೂ ಮನಸ್ಸಿರಲಿಲ್ಲ. ಡಾಕ್ಟರು ಎದ್ದರು. "ನನ್ನ ಮುಂದ ಪೇಷಂಟ್ ಒದ್ದಾಡಾಕತ್ತಿರ್ತಾನ. ಹನ್ನೊಂದು ನಿಮಿಷ ನಾ ಅವಗ ಏನು ಹೇಳ್ಲಿ?" ಎಂದು ನೇರವಾಗಿ ನನ್ನನ್ನೇ ಕೇಳಿದರು. ಅದಕ್ಕೂ ಲೆಕ್ಕ ಮಾಡಿಕೊಂಡೇ ಹೋಗಿದ್ದೆ. ಪ್ರಾಣದ ಪ್ರಶ್ನೆಯಾದರೆ ಕೆಂಪು ಚೀಟಿ, ಅದು ಬಂದರೆ ತೋಳು ಎಲ್ಲಿದ್ದರೂ ಬಿಟ್ಟು ಓಡಬೇಕು, ನಾಲ್ಕು ನಿಮಿಷದೊಳಗೆ ಕಾಗದ ಕೈಗೆ. ಗಂಟೆಗೆ ಮೂರು ಕೆಂಪು ಚೀಟಿ ಬಂದರೂ ಉಳಿದವರು ಯಾರೂ ನಲವತ್ತು ನಿಮಿಷಕ್ಕಿಂತ ಹೆಚ್ಚು ಕಾಯುವುದಿಲ್ಲ. ಜಾಗ ಬೇಕಾದರೆ ಹೋದ ವರ್ಷದ ಸಂತೆಯ ಧಾರಣೆ ಅಳಿಸಿ, ಅದು ನಿಜಕ್ಕೂ ಯಾರಿಗೂ ಬೇಡ. ಕೊನೆಯದಾಗಿ, ಇನ್ನು ಮೇಲೆ ಚೌಕದಲ್ಲಿ ಸರಾಸರಿ ಕೂಗುವುದು ಬೇಡ, ಅವತ್ತು ಎಲ್ಲರಿಗಿಂತ ಹೆಚ್ಚು ಕಾದವರು ಎಷ್ಟು ಹೊತ್ತು ಕಾದರು ಎಂದು ಕೂಗಲಿ ಎಂದೆ.

ಡಾಕ್ಟರು, "ಆತು, ನಡೀತದ," ಎಂದರು. ಕೈಯೆತ್ತಿದಾಗ ಆರು ಮಂದಿ ನನ್ನ ಕಡೆ, ಐದು ಮಂದಿ ವಿರುದ್ಧ. ಅಧ್ಯಕ್ಷೆ ಕೈಯೆತ್ತಿದ್ದು ವಿರುದ್ಧವೇ. ಆದರೆ ಎಣಿಸಿದ ಮೇಲೆ, ಒಡೆದ ಗೂಡಿಗೆ ಇಟ್ಟಿಗೆ ಪುರಸಭೆಯಿಂದಲೇ ಹೋಗಬೇಕು ಎಂದವರೂ ಅವರೇ.

"ಜಾಗ ನಿಮ್ಮದು ಅಂತ ಕಾಗದ ತಂದು ತೋರಸ್ರಿ," ಎಂದರು ತಿಪ್ಪವ್ವನಿಗೆ, "ಇಟ್ಟಂಗಿ ನಾ ಕಳಸ್ತೀನಿ."

ಮರುದಿನ ಬೆಳಗ್ಗೆ ಅವಳು ಕಿಡಕಿಗೆ ಬಂದು ಚೀಟಿ ಕೊಟ್ಟಳು. ತೋಳು ಹೊರಗಿನಿಂದ ಹೊರಟು ದಾರಿಯ ಚೀಟಿಗಳನ್ನೆಲ್ಲ ಓದುತ್ತ ಒಳಗೆ ಸರಿಯತೊಡಗಿತು. ಹೊರಗೆ ಹೊಸ ಚೀಟಿಗಳು ಬಂದು ಬಿದ್ದವು. ಕಿಡಕಿಯಲ್ಲಿ ಒಬ್ಬ, "ಏನ್ರಿ ಅಕ್ಕೋರ, ನಿನ್ನಿ ತನಕ ಹಿಂಗಿರಲಿಲ್ಲ," ಎಂದು ಗೊಣಗಿದ. ನಾನು ಅತ್ತ ನೋಡಲಿಲ್ಲ. ಇಮಾಮಸಾಬ್ ಕಣ್ಣು ಮುಚ್ಚಿ ನಿಂತಿದ್ದರು. ತೋಳಿನ ಸದ್ದು ತೆಳ್ಳಗಾಗುತ್ತ ಹೋಗಿ ಕೊನೆಗೆ ನಿಂತಿತು. "ಮುಟ್ತು," ಎಂದರು. ಕೊಟ್ಟು ಹತ್ತೊಂಬತ್ತು ನಿಮಿಷವಾಗಿತ್ತು.

ತಿಪ್ಪವ್ವನಿಗೆ ಓದಲು ಬರುತ್ತಿರಲಿಲ್ಲ. ಕಾಗದವನ್ನು ಅಧ್ಯಕ್ಷೆಗೆ ತೋರಿಸಿ ಮೊಹರು ಹಾಕಿಸಿಕೊಂಡು ನಾವಿಬ್ಬರೂ ಅವಳ ಅಂಗಳಕ್ಕೆ ಹೋದೆವು. ಓದಿ ಹೇಳಿರಿ ಎಂದಳು. ಮನೆಯ ನಾಲ್ಕು ದಿಕ್ಕಿನ ಗುರುತು, ಹಿತ್ತಲಿನ ಅಳತೆ, ಎಲ್ಲ ಓದಿದೆ. ಕೊನೆಗೆ, "ಮನೆಯ ಮೂಡಲಿಗೆ ಗಡಿಗೆ ಸುಡುವ ಗೂಡು ಒಂದು, ಬಾಯಿ ಬಡಗಲಿಗೆ, ಸುತ್ತಳತೆ ಹದಿನಾಲ್ಕು ಮೊಳ," ಎಂದಿತ್ತು.

"ಎಷ್ಟು ಅಂದ್ರಿ?"

"ಹದಿನಾಕು."

"ನಮ್ಮದು ಹನ್ನೊಂದ ಇತ್ತಲ್ರಿ." ಅವಳು ಬಿದ್ದ ಗೂಡಿನ ಸುತ್ತ ಒಂದು ಸುತ್ತು ನಡೆದಳು. "ನಮ್ಮ ಮಾವ ಕಟ್ಟಿದ್ದು. ಮೊದಲಿಂದೂ ಅಷ್ಟ ಅಂತಿದ್ದ." ಸ್ವಲ್ಪ ಹೊತ್ತು ಸೊಂಟದ ಮೇಲೆ ಕೈಯಿಟ್ಟು ನಿಂತಳು. ಆಮೇಲೆ ಸೀರೆಯ ನೆರಿಗೆ ಎತ್ತಿ ಕಟ್ಟಿ, "ಹಂಗಾರ ಹದಿನಾಕ ಕಟ್ತೀನಿ," ಎಂದಳು. "ಎಷ್ಟು ಅಗಲ ಗೆರಿ ಹೊಡೀಬೇಕು, ಹೇಳ್ರಿ. ನಿಮಗ ಲೆಕ್ಕ ಬರತೈತಲ್ಲ."

"ನಡುವಿಂದ ಎರಡೂಕಾಲು ಮೊಳ."

ನಡುವೆ ಒಂದು ಗೂಟ ಹೊಡೆದು, ಅದಕ್ಕೆ ಹಗ್ಗ ಕಟ್ಟಿ, ತನ್ನ ಮೊಳಕೈಯಿಂದ ಎರಡೂಕಾಲು ಅಳೆದು ಹಗ್ಗದ ತುದಿಯನ್ನು ನನ್ನ ಕೈಗಿಟ್ಟಳು. "ಸಡ್ಲ ಬಿಡಬ್ಯಾಡ್ರಿ. ಬಿಗಿ ಹಿಡಕೊಂಡು ಸುತ್ತು ಬರ್ರಿ." ನಾನು ಬಿಗಿಯಾಗಿ ಹಿಡಿದು ಸುತ್ತು ಬಂದೆ. ಅವಳು ನನ್ನ ಹಿಂದೆ ಹಿಂದೆ, ನನ್ನ ಕಾಲು ಬಿದ್ದಲ್ಲೆಲ್ಲ ಒಂದೊಂದು ಗೂಟ ಹೊಡೆಯುತ್ತ ಬಂದಳು.